ಮುಂಬಯಿಯಿಂದ ಸಿಂಗಪುರ: ದೂರ ಮತ್ತು ಹಾರಾಟದ ಅವಧಿಯನ್ನು ಲೆಕ್ಕ ಹಾಕುವುದು ಹೇಗೆ?

ಮಾಟುಂಗಾದ ನಮ್ಮ ಕಟ್ಟಡದ ಹಿರಿಯರೊಬ್ಬರು ಸಿಂಗಪುರದಲ್ಲಿರುವ ಮಗಳ ಮನೆಗೆ ಹೊರಟಾಗ ಟಿಕೆಟ್ ಹಿಡಿದು ಬಂದು, "ರಾತ್ರಿ 11.30ಕ್ಕೆ ಹೊರಟು ಬೆಳಿಗ್ಗೆ 7.20ಕ್ಕೆ ಮುಟ್ಟುವುದಂತೆ, ಎಂಟು ಗಂಟೆ ಕಾಲು ಮಡಚಿ ಕೂರುವುದು ಹೇಗೆ ಮಾರಾಯ್ರೆ?" ಎಂದು ಕೇಳಿದ್ದರು. ಟಿಕೆಟ್ಟಿನಲ್ಲಿರುವ ಎರಡು ಸಮಯಗಳು ಎರಡು ಬೇರೆ ಊರಿನ ಗಡಿಯಾರಗಳವು ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ.

ಮೊದಲು ದೂರವನ್ನು ನೋಡೋಣ. ಗೋಡೆಯ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆಯಬಾರದು. ದುಂಡಗಿನ ಭೂಮಿಯನ್ನು ಕಾಗದದ ಮೇಲೆ ಚಪ್ಪಟೆ ಮಾಡಿದಾಗ ಅಳತೆ ಕೆಡುತ್ತದೆ. ಮಕ್ಕಳ ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿಯಿರಿ. 30 ಸೆಂ.ಮೀ. ವ್ಯಾಸದ ಗ್ಲೋಬಿನ ಸಮಭಾಜಕ ವೃತ್ತ ಸುಮಾರು 94 ಸೆಂ.ಮೀ. ಇರುತ್ತದೆ, ಭೂಮಿಯದ್ದು 40,075 ಕಿ.ಮೀ.; ಅಂದರೆ ದಾರದ ಒಂದು ಸೆಂಟಿಮೀಟರಿಗೆ 425 ಕಿ.ಮೀ. ಸಿಂಗಪುರಕ್ಕೆ ದಾರ ಒಂಬತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೇಕಾಗುತ್ತದೆ. ನಿಖರವಾಗಿ ಲೆಕ್ಕ ಹಾಕಿದರೆ ಸುಮಾರು 3,920 ಕಿ.ಮೀ. ಅದೇ ದಾರವನ್ನು ಟೋಕಿಯೊಗೆ ಎಳೆದು ನೋಡಿ: ನಕ್ಷೆಯ ನೇರ ಗೆರೆಯನ್ನು ಬಿಟ್ಟು ಅದು ಉತ್ತರಕ್ಕೆ ಬಾಗುತ್ತದೆ. ವಿಮಾನಗಳು ಹಿಡಿಯಲು ಬಯಸುವುದು ಈ ಬಾಗಿದ ಹಾದಿಯನ್ನೇ.

ಎರಡನೆಯದು ವೇಗ. ದೊಡ್ಡ ಜೆಟ್ ವಿಮಾನಗಳು ಮೇಲೇರಿದ ಬಳಿಕ ಗಂಟೆಗೆ ಸುಮಾರು 850 ಕಿ.ಮೀ. ಕ್ರಮಿಸುತ್ತವೆ. 3,920ನ್ನು 850ರಿಂದ ಭಾಗಿಸಿದರೆ ನಾಲ್ಕು ಗಂಟೆ 37 ನಿಮಿಷ. ವೇಳಾಪಟ್ಟಿಯ ಅವಧಿಯನ್ನು ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಆ ಊರಿನಲ್ಲಿ ಮತ್ತೆ ನಿಲ್ಲುವವರೆಗೆ ಎಣಿಸುವುದರಿಂದ, ರನ್‌ವೇವರೆಗಿನ ತೆವಳಾಟ, ಏರಿಕೆ, ಇಳಿಕೆ ಎಲ್ಲಕ್ಕೂ ಸೇರಿಸಿ ಇನ್ನೊಂದು ಮುಕ್ಕಾಲು ಗಂಟೆ ಕೂಡಿಸಬೇಕು. ಹೀಗೆ ಐದು ಗಂಟೆ 20 ನಿಮಿಷದ ಆಸುಪಾಸಿಗೆ ಬರುತ್ತೇವೆ.

ಈಗ ಟಿಕೆಟ್ಟಿನೊಂದಿಗೆ ತಾಳೆ ನೋಡಬಹುದು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. 11.30ರಿಂದ 7.20ಕ್ಕೆ ಏಳು ಗಂಟೆ 50 ನಿಮಿಷ. ಅದರಲ್ಲಿ ಎರಡೂವರೆ ಕಳೆದರೆ ಉಳಿಯುವುದು ಐದು ಗಂಟೆ 20 ನಿಮಿಷ. ಪೂರ್ವಕ್ಕೆ ಹೋಗುವಾಗ ಕಳೆಯಬೇಕು, ಪಶ್ಚಿಮಕ್ಕೆ ಬರುವಾಗ ಕೂಡಿಸಬೇಕು. ಹಿರಿಯರ ಮರುಪ್ರಯಾಣದ ಟಿಕೆಟ್ಟಿನಲ್ಲಿ ರಾತ್ರಿ 8ಕ್ಕೆ ಹೊರಟು 11ಕ್ಕೆ ಮುಂಬಯಿ ಎಂದಿತ್ತು. "ಬರುವಾಗ ಮೂರೇ ಗಂಟೆಯೋ!" ಎಂದು ಅವರು ಹಿಗ್ಗಿದ್ದರು; ಅದು ಐದೂವರೆ.

ಗಾಳಿಯ ಲೆಕ್ಕ ಮಾತ್ರ ದಾರಕ್ಕೆ ಸಿಗುವುದಿಲ್ಲ. ಚಳಿಗಾಲದಲ್ಲಿ ಉತ್ತರ ಭಾರತದಿಂದ ಜಪಾನಿನವರೆಗೆ ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಜೆಟ್ ಪ್ರವಾಹ ಬೀಸುತ್ತದೆ. ಟೋಕಿಯೊಗೆ ಹೋಗುವ ವಿಮಾನವನ್ನು ಅದು ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಆದ್ದರಿಂದ ಮರಳುವ ಹಾದಿಗೆ, ಹೋಗುವಾಗ ಹಿಡಿದದ್ದಕ್ಕಿಂತ ಒಂದು ಗಂಟೆಗೂ ಮೀರಿ ಹೆಚ್ಚು ಹೊತ್ತು ಬೇಕಾಗಬಹುದು. ಸಮಭಾಜಕದ ಸಮೀಪವಿರುವ ಸಿಂಗಪುರದ ದಾರಿಯಲ್ಲಿ ಈ ವ್ಯತ್ಯಾಸ ಕಡಿಮೆ.

ಬರಮಾಡಿಕೊಳ್ಳಲು ಸಹಾರ್‌ಗೆ, ಅಂದರೆ ಮುಂಬಯಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ, ಹೋಗುವವರಿಗೆ ಒಂದು ಮಾತು. ಅಲ್ಲಿನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಎರಡನ್ನೂ ಒಟ್ಟಿಗೆ ಬಳಸಲಾಗದು. ದಟ್ಟಣೆಯ ಹೊತ್ತಿನಲ್ಲಿ ಸರದಿ ಬರುವವರೆಗೆ ವಿಮಾನಗಳು ಮೇಲೆಯೇ ಸುತ್ತು ಹಾಕುತ್ತವೆ. ಆಮೇಲೆ ವಲಸೆ ತಪಾಸಣೆಯ ಸಾಲು, ಸಾಮಾನಿನ ಬೆಲ್ಟು. 11ಕ್ಕೆ ಬರುವ ವಿಮಾನಕ್ಕೆ ಮಾಟುಂಗಾದಿಂದ 11ಕ್ಕೇ ಹೊರಟರೂ ತಡವಾಗುವುದು ಅಪರೂಪ.