ಇ-ಕ್ಯಾಡ್ಹೆರಿನ್ ಸಾಲಿನ 'ನೆಗೆಟಿವ್' ಅನ್ನು ಓದುವುದು ಹೇಗೆ

ಶಿಡ್ಲಘಟ್ಟದ ನಮ್ಮ ಚಿಕ್ಕಮ್ಮ ಹೋದ ವರ್ಷ ಸ್ತನದ ಬಯಾಪ್ಸಿ ವರದಿ ಹಿಡಿದು ಚಿಕ್ಕಬಳ್ಳಾಪುರಕ್ಕೆ, ನನ್ನ ಮನೆಗೆ ಬಂದರು. "ನೋಡಮ್ಮಾ, ನೆಗೆಟಿವ್ ಎಂದು ಬರೆದಿದ್ದಾರೆ. ಏನೂ ಇಲ್ಲ ಅಲ್ಲವೇ?" ಅವರ ಬೆರಳು ಇ-ಕ್ಯಾಡ್ಹೆರಿನ್ ಎಂಬ ಸಾಲಿನ ಮೇಲಿತ್ತು. ಬಯಾಪ್ಸಿ ಸ್ಲೈಡ್ ತಯಾರಿಸುವುದೇ ನನ್ನ ಉದ್ಯೋಗ. ಆದರೂ ಉತ್ತರ ಕೊಡಲು ಗಂಟಲು ಕಟ್ಟಿತು.

ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದು ರೋಗನಿರ್ಣಯದ ಸಾಲಿನಲ್ಲಿರುತ್ತದೆ. ಮೊದಲು ಅದನ್ನು ಓದಿ. ವರದಿಯ ಪ್ರೋಟೀನ್ ಪಟ್ಟಿಯಲ್ಲಿರುವ ಪಾಸಿಟಿವ್, ನೆಗೆಟಿವ್‌ಗಳು ಗಡ್ಡೆಯ ಕೋಶಗಳಲ್ಲಿ ಆಯಾ ಪ್ರೋಟೀನ್ ಕಂಡಿತೇ ಎಂಬುದನ್ನಷ್ಟೇ ಹೇಳುತ್ತವೆ.

ಇ-ಕ್ಯಾಡ್ಹೆರಿನ್ ಕೋಶದ ಪೊರೆಯಲ್ಲಿ ನೆಟ್ಟಿರುವ ಪ್ರೋಟೀನ್. ಕ್ಯಾಲ್ಸಿಯಂ ಬಲದಿಂದ ಅದು ಪಕ್ಕದ ಕೋಶದ ಇ-ಕ್ಯಾಡ್ಹೆರಿನ್ನನ್ನು ಹಿಡಿದಿರುತ್ತದೆ. ಚಿಕ್ಕಮ್ಮನ ಮನೆಯಲ್ಲಿ ನೂಲು ಬಿಚ್ಚುತ್ತಾರೆ, ಆದ್ದರಿಂದ ಹೀಗೆ ಹೇಳಿದೆ: ಬಿಸಿನೀರಿನಲ್ಲಿ ರೇಷ್ಮೆಗೂಡಿನ ಅಂಟು ಸಡಿಲವಾದಾಗ ಎಳೆ ಬಿಟ್ಟುಕೊಳ್ಳುತ್ತದಲ್ಲ, ಇದು ಆ ಅಂಟಿನಂತೆ. ಇದು ಹೋದರೆ ಕೋಶಗಳು ಒಂದನ್ನೊಂದು ಬಿಟ್ಟು ಸುತ್ತಲಿನ ಅಂಗಾಂಶಕ್ಕೆ ನುಗ್ಗುವುದು ಸುಲಭವಾಗುತ್ತದೆ.

ಬಣ್ಣ ಹಾಕಿದ ಸ್ಲೈಡಿನಲ್ಲಿ ಈ ಪ್ರೋಟೀನ್ ಇದ್ದರೆ ಪ್ರತಿ ಕೋಶದ ಅಂಚಿಗೆ ಕಂದು ಗೆರೆ ಬರುತ್ತದೆ, ಜೇನುಹುಟ್ಟಿನಂತೆ. ಇಲ್ಲದಿದ್ದರೆ ನೀಲಿ ಕೋಶಕೇಂದ್ರಗಳು ಮಾತ್ರ, ಹಲವು ಸಲ ಇರುವೆ ಸಾಲಿನಂತೆ ಒಂದರ ಹಿಂದೊಂದು. ಅದೇ ಸ್ಲೈಡಿನ ಆರೋಗ್ಯವಂತ ಹಾಲಿನ ನಾಳಗಳು ಕಂದಾಗಿವೆಯೇ ಎಂದು ನಾನು ಮೊದಲು ನೋಡುತ್ತೇನೆ. ಅವೂ ಬಣ್ಣ ಹಿಡಿಯದಿದ್ದರೆ ಪರೀಕ್ಷೆಯನ್ನೇ ನಂಬುವಂತಿಲ್ಲ.

ಸ್ತನದ ಗಡ್ಡೆಯಲ್ಲಿ ಈ ನೆಗೆಟಿವ್ ಸಾಮಾನ್ಯವಾಗಿ ಲೋಬ್ಯುಲರ್ ಎಂಬ ಬಗೆಯ ಕ್ಯಾನ್ಸರ್‌ನತ್ತ ಬೆರಳು ತೋರಿಸುತ್ತದೆ. ಆ ಬಗೆಯ ಹತ್ತರಲ್ಲಿ ಸುಮಾರು ಒಂಬತ್ತು ಗಡ್ಡೆಗಳು ಈ ಪ್ರೋಟೀನನ್ನು ಕಳೆದುಕೊಂಡಿರುತ್ತವೆ. ಇದು ಕೈಗೆ ಗಂಟಾಗಿ ಸಿಗದೇ ಇರಬಹುದು, ಮ್ಯಾಮೋಗ್ರಾಂ ಕಣ್ಣಿಗೂ ತಪ್ಪಬಹುದು. ಎಂಆರ್‌ಐ ಬೇಕೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಹಾಗೆಂದು ಈ ಒಂದು ಸಾಲಿಗೆ ಎದೆಗುಂದಬೇಡಿ. ಔಷಧ ನಿರ್ಧಾರವಾಗುವುದು ಹೆಚ್ಚಾಗಿ ಇಆರ್, ಪಿಆರ್ (ಹಾರ್ಮೋನ್ ಹಿಡಿಯುವ ಪ್ರೋಟೀನುಗಳು), ಹರ್-2 (ಕೋಶದ ಬೆಳವಣಿಗೆಗೆ ಒತ್ತು ಕೊಡುವ ಪ್ರೋಟೀನ್) ಸಾಲುಗಳಿಂದ ಮತ್ತು ರೋಗದ ಹಂತದಿಂದ. ಲೋಬ್ಯುಲರ್ ಗಡ್ಡೆಗಳಲ್ಲಿ ಬಹುಪಾಲು ಇಆರ್ ಪಾಸಿಟಿವ್, ಅವುಗಳಿಗೆ ಹಾರ್ಮೋನ್ ತಡೆಯುವ ಮಾತ್ರೆಗಳಿವೆ.

ಮನೆತನದಲ್ಲಿ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಆಗಿದ್ದರೆ ಅದನ್ನು ತಪ್ಪದೆ ಹೇಳಿ. ಈ ಪ್ರೋಟೀನಿನ ಜೀನ್ ಸಿಡಿಎಚ್1. ಅದರ ದೋಷ ವಂಶದಲ್ಲಿ ಹರಿದು ಜಠರದ ಕ್ಯಾನ್ಸರ್ ತರುವುದು 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ಗೊತ್ತಾಯಿತು. ಚಿಕ್ಕಮ್ಮ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತೀರಿಹೋದ ಅಣ್ಣನ ಹೆಸರನ್ನು ವರದಿಯ ಹಿಂಬದಿಯಲ್ಲಿ ಬರೆದುಕೊಂಡರು.

ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿಗೆ ಹೋಗುವವರು ಕಾಗದವಷ್ಟೇ ಒಯ್ದರೆ ಸಾಲದು. ಸ್ಲೈಡ್‌ಗಳನ್ನೂ ಅಂಗಾಂಶದ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಪ್ರಯೋಗಾಲಯದಿಂದ ಕೇಳಿ ಪಡೆದು, ಬಿಸಿಲು ತಾಗದಂತೆ ಡಬ್ಬಿಯಲ್ಲಿಟ್ಟುಕೊಳ್ಳಿ.