ಮಾರ್ಗದರ್ಶಕರೊಡನೆ ಪಕ್ಷಿವೀಕ್ಷಣೆ: ಕಡಲತೀರದಲ್ಲಿ, ಬೆಟ್ಟದಲ್ಲಿ

ಪ್ರವಾಸ ಆಯ್ದುಕೊಳ್ಳುವಾಗ ಗುಂಪು ಚಿಕ್ಕದಿರಲಿ. ಕಿರಿದಾದ ಹಾದಿಯಲ್ಲಿ ಹಿಂದಿನವರು ತಲುಪುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. 8×42 ಅಳತೆಯ (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂಗಾಜಿನ) ದುರ್ಬೀನು ಸಾಕು.

ಕಡಲತೀರದಲ್ಲಿ ಉಬ್ಬರವಿಳಿತದ ವೇಳಾಪಟ್ಟಿಯೇ ಮುಖ್ಯ. ಉಬ್ಬರ ತುದಿಮುಟ್ಟುವ ಒಂದೆರಡು ಗಂಟೆ ಮೊದಲೇ ಹೋಗಿ ಸದ್ದಿಲ್ಲದೆ ಕುಳಿತರೆ, ಏರುವ ನೀರು ಕೆಸರುಬಯಲನ್ನು ಮುಚ್ಚುತ್ತಾ ಬಂದಂತೆ ಹಕ್ಕಿಗಳು ತಾವಾಗಿಯೇ ದಡದತ್ತ ಸರಿಯುತ್ತವೆ; ಕರ್ಲ್ಯೂ ಎಂಬ ತೀರದ ಹಕ್ಕಿ ತನ್ನ ಬಾಗಿದ ನೀಳ ಕೊಕ್ಕನ್ನು ಕೆಸರಿನಾಳಕ್ಕಿಳಿಸಿ ಹುಳುವನ್ನು ಹಿಡಿದೆಳೆಯುವುದನ್ನು ಆಗ ಕಣ್ತುಂಬ ನೋಡಬಹುದು. ಅವು ಮೇಯುವುದನ್ನು ಬಿಟ್ಟು ತಲೆಯೆತ್ತಿದರೆ ಕೂಡಲೇ ಹಿಂದೆ ಸರಿಯಿರಿ, ಏಕೆಂದರೆ ಸಾವಿರಾರು ಕಿಲೋಮೀಟರ್ ವಲಸೆಗೆ ಬೇಕಾದ ಕೊಬ್ಬನ್ನು ಅವು ಇಂತಹ ಬಯಲುಗಳಲ್ಲೇ ಕೂಡಿಟ್ಟುಕೊಳ್ಳಬೇಕು.

ಬೆಟ್ಟದಲ್ಲಿ ಹಾಡುಹಕ್ಕಿಗಳಿಗೆ ಮುಂಜಾವು, ಹದ್ದುಗಳಿಗೆ ನೆಲ ಕಾದು ಬಿಸಿಗಾಳಿ ಮೇಲೇಳುವ ಹೊತ್ತು ಸೂಕ್ತ. ಹಕ್ಕಿ ಕಂಡರೆ ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿಗೇರಿಸಿ. ಗೂಡು ಕಟ್ಟುವ ಕಾಲದಲ್ಲಿ ಮಾರ್ಗದರ್ಶಕರು ಧ್ವನಿಮುದ್ರಿತ ಕೂಗಿನಿಂದ ಹಕ್ಕಿಯನ್ನು ಕರೆಯಲು ಮುಂದಾದರೆ, ದಯವಿಟ್ಟು ಬೇಡವೆನ್ನಿ.