ಸಾಲಿನ ಬಾಲ ಕತ್ತರಿಸಬೇಡಿ

ಸಂಶೋಧನಾ ಲೇಖನದಲ್ಲಿ ಹಲ್ಮಿಡಿ ಶಾಸನದ ತೇದಿ ಕ್ರಿ.ಶ. 450 ಎಂದು ಬರೆದು, ಅಡಿಟಿಪ್ಪಣಿಯಲ್ಲಿ ಒಬ್ಬ ವಿದ್ವಾಂಸರ ಹೆಸರು ಹಾಕುವುದು ಸುಲಭ. ಆದರೆ ಬೇಲೂರು ತಾಲ್ಲೂಕಿನಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಪತ್ತೆಮಾಡಿದ ಆ ಕಲ್ಲಿನ 16 ಸಾಲುಗಳಲ್ಲಿ ಎಲ್ಲೂ ತೇದಿಯಿಲ್ಲ. ಅದು ಲಿಪಿ, ಭಾಷೆ ನೋಡಿ ಕಟ್ಟಿದ ‘ಸುಮಾರು’ ಕಾಲ. ಆ ‘ಸುಮಾರು’ ಬಿಟ್ಟು ಉದ್ಧರಿಸಿ, ಆಮೇಲೆ ಅದನ್ನೇ ಖಂಡಿಸಿದರೆ, ಆ ವಿದ್ವಾಂಸರು ಆಡದ ಮಾತನ್ನು ಖಂಡಿಸಿದ ಹಾಗಾಯಿತು.

ಕನ್ನಡದಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ನಮ್ಮ ವಾಕ್ಯದ ನಿಲುವು ಕೊನೆಯಲ್ಲಿರುತ್ತದೆ. ‘ಬೇಲೂರಿನ ಮದನಿಕೆಗಳೆಲ್ಲ ಒಬ್ಬನೇ ಶಿಲ್ಪಿಯ ಕೈಕೆಲಸ ಎನ್ನುವುದು ಕಷ್ಟ’ ಎಂಬ ವಾಕ್ಯ ಇದೆ ಅಂತಿಟ್ಟುಕೊಳ್ಳಿ. ‘ಕೈಕೆಲಸ’ಕ್ಕೆ ನಿಲ್ಲಿಸಿದರೆ ಅರ್ಥ ತಿರುವುಮುರುವು. ಆದ್ದರಿಂದ ಕ್ರಿಯಾಪದ ಬರುವ ತನಕ ಕತ್ತರಿಸಬೇಡಿ. ನಡುವೆ ಬಿಟ್ಟರೆ ಮೂರು ಚುಕ್ಕಿ ಇಡಿ. ‘ಬಹುಶಃ’, ‘ಆದರೆ’, ‘ಎಂದು ಕೆಲವರ ವಾದ’ ಇವುಗಳನ್ನು ಮಾತ್ರ ಚುಕ್ಕಿಯೊಳಗೆ ಮುಳುಗಿಸಬೇಡಿ.

ಇದಕ್ಕಿಂತ ಕೆಟ್ಟದ್ದು ಪೂರ್ವಪಕ್ಷವನ್ನು, ಅಂದರೆ ಉತ್ತರ ಕೊಡಲೆಂದು ಮೊದಲು ಮುಂದಿಟ್ಟ ಎದುರಾಳಿಯ ವಾದವನ್ನು, ಲೇಖಕರ ತಲೆಗೆ ಕಟ್ಟುವುದು. ಎದುರಾಳಿಯ ವಾದವನ್ನು ಎರಡು ಪುಟ ವಿವರಿಸಿ ಮೂರನೆಯದರಲ್ಲಿ ಉತ್ತರ ಕೊಡುವವರಿದ್ದಾರೆ. ಒಂದೇ ಪುಟ ಜೆರಾಕ್ಸ್ ಮಾಡಿಸಿಕೊಂಡವರು ಇಲ್ಲಿ ಎಡವುತ್ತಾರೆ. ಬೇಕಾದ ಪುಟದ ಜೊತೆ ಹಿಂದಿನ ಎರಡು, ಮುಂದಿನ ಎರಡು ಪುಟಗಳನ್ನೂ ತೆಗೆಸಿ. ಶೀರ್ಷಿಕೆ ಪುಟವೂ ಇರಲಿ.

ಅದೇಕೆಂದರೆ ಶ್ರವಣಬೆಳಗೊಳದ ಶಾಸನ ಸಂಪುಟ ನೋಡಿ: 1889ರ ಮುದ್ರಣದಲ್ಲಿ 144 ಶಾಸನ, 1923ರದರಲ್ಲಿ 500, 1973ರದರಲ್ಲಿ 573. ಮುದ್ರಣದ ವರ್ಷ ಹೇಳದೆ ಬರೀ ಶಾಸನ ಸಂಖ್ಯೆ ಕೊಟ್ಟರೆ ಓದುಗರು ಬೇರೆಯೇ ಶಾಸನಕ್ಕೆ ಹೋಗಿ ನಿಲ್ಲುತ್ತಾರೆ. ಶಾಸನದ ಪಾಠದಲ್ಲಿ ಸಂಪಾದಕರು ಹಾಕಿದ ಚೌಕ ಕಂಸವನ್ನು ಅಂದಕ್ಕೆಂದು ತೆಗೆಯಬೇಡಿ. ಸವೆದ ಅಕ್ಷರಕ್ಕೆ ಅವರು ಮಾಡಿದ ಊಹೆ ಅದು. ಕಂಸ ಹೋದರೆ ಊಹೆಯೇ ಕಲ್ಲಿನ ಮಾತಾಗಿಬಿಡುತ್ತದೆ. ಹಳಗನ್ನಡದ ೞ, ಱ ಅಕ್ಷರಗಳು ಇದ್ದಂತೆಯೇ ಇರಲಿ. ದಪ್ಪ ಅಕ್ಷರ ನಿಮ್ಮದಾದರೆ ‘ಒತ್ತು ನನ್ನದು’ ಎನ್ನಿ, ಇಂಗ್ಲಿಷಿನಿಂದ ತಂದದ್ದಾದರೆ ಅನುವಾದ ಯಾರದೆಂದು ಹೇಳಿ. ಮೂಲ ನೋಡದೆ ಇನ್ನೊಬ್ಬರ ಲೇಖನದಿಂದ ಎತ್ತಿದ್ದರೆ ಆ ಲೇಖನದ ಹೆಸರನ್ನೇ ಹಾಕಿ.

ಖಂಡನೆ ಬರೆಯುವ ಮೊದಲು ಎದುರಿನವರ ವಾದವನ್ನು ಐದಾರು ಸಾಲಿನಲ್ಲಿ ಬರೆಯಿರಿ. ಅವರೇ ಓದಿ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನುವಂತಿರಬೇಕು. ಅವರ ವಾದದ ಬಲವಾದ ಆಧಾರ ಅದರಲ್ಲಿ ಬಿಟ್ಟುಹೋಗಿದ್ದರೆ ತಿದ್ದಿ, ಆಮೇಲೆ ಉತ್ತರಕ್ಕೆ ಕೈಹಾಕಿ.

ಕರಡು ಒಪ್ಪಿಸುವ ಹಿಂದಿನ ದಿನ ಇಬ್ಬರು ಕೂರಿ. ಒಬ್ಬರು ಮೂಲ ಪುಸ್ತಕದಿಂದ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಅಕ್ಷರಕ್ಕಕ್ಷರ ತಾಳೆ ನೋಡಲಿ.